ಭಾಮೈದ ಮಾಡಿದ ರಿಪೇರಿ

ಮೊನ್ನೆ ಒಂದು ಮೊಳೆ ಬೇಕಾಗಿ ಹಳೇ ಬಿಸ್ಕತ್ತಿನ ಡಬ್ಬಿಯನ್ನು ಬೋರಲು ಹಾಕಿದಾಗ ಕಾಲಿಂಗ್ ಬೆಲ್ಲಿನ ಸ್ವಿಚ್ಚೊಂದು ಉರುಳಿ ಬಂತು. ಮನೆಬಾಗಿಲ ಪಕ್ಕದಲ್ಲಿರುತ್ತದಲ್ಲ, ಮೇಲೆ ಪುಟ್ಟ ಗಂಟೆಯ ಚಿತ್ರವಿರುವ ಬಿಳಿ ಸ್ವಿಚ್ಚು, ಅದೇ. ಆದರೆ ಇದು ಯಾವ ಮನೆಯ ಬಾಗಿಲಿನದೂ ಅಲ್ಲ, ನಮ್ಮ ಕಾರಿನದು. ಆ ಕಾರು ನಮ್ಮ ಮನೆಗೆ ಬಂದ ಹೊಸತರಲ್ಲಿ ಹಾರನ್ ಹೊಡೆಯಬೇಕಾದರೆ ಕಾಲಿಂಗ್ ಬೆಲ್ ಒತ್ತಬೇಕಾಗಿತ್ತು. ಸ್ಟೇರಿಂಗಿನ ಮಧ್ಯದ ಹಾರನ್ ಯಾವತ್ತೋ ಕೈಕೊಟ್ಟಿತ್ತು. ಅದಕ್ಕೆ ಬದಲಾಗಿ ಈ ಸ್ವಿಚ್ಚನ್ನು ಡ್ಯಾಶ್‌ಬೋರ್ಡಿನ ಕೆಳಗೆ, ಸರಿಯಾಗಿ ಮೊಣಕಾಲು ತಗಲುವ ಜಾಗದಲ್ಲಿ ಕೂರಿಸಿದ್ದರು. ಹಾಗಾಗಿ ನಮ್ಮ ಕಾರು ಕೆಲವು ಸಲ ಯಾರೂ ಕೇಳದೆಯೇ ತಾನಾಗಿ ಕೂಗಿಕೊಳ್ಳುತ್ತಿತ್ತು. ತಿರುವಿನಲ್ಲಿ ನಿಜವಾಗಿ ಬೇಕಾದಾಗ ಮಾತ್ರ ಬಗ್ಗಿ ತಡಕಾಡಬೇಕಿತ್ತು.

ಅದನ್ನು ಡಬ್ಬಿಗೆ ವಾಪಸ್ ಹಾಕಿದೆ. ಬಿಸಾಡಬಹುದಿತ್ತು. ಯಾಕೋ ಬಿಸಾಡುವುದಕ್ಕೂ ಒಂದಿಷ್ಟು ಉತ್ಸಾಹ ಬೇಕಾಗುತ್ತದೆ ನೋಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ನಾನು ಹೇಳುವುದು ಹೊಸದೇನಲ್ಲ. ಕೆಟ್ಟು ಹೋದದ್ದನ್ನು ಸರಿ ಮಾಡುವುದು ಒಂದು ಕೆಲಸ. ಇನ್ನೊಬ್ಬರು ಸರಿ ಮಾಡಲು ಹೋಗಿ ಕೆಡಿಸಿದ್ದನ್ನು ಸರಿ ಮಾಡುವುದು ಬೇರೆಯೇ ಕೆಲಸ. ಮೊದಲು ಅವರು ಏನು ಮಾಡಿದ್ದಾರೆ ಎಂದು ತಿಳಿಯಬೇಕು, ಆಮೇಲೆ ಯಾಕೆ ಮಾಡಿದರು ಎಂದು ತಲೆ ಕೆರೆದುಕೊಳ್ಳಬೇಕು, ಅದನ್ನೆಲ್ಲ ಬಿಚ್ಚಿ ಕೆಟ್ಟ ಸ್ಥಿತಿಗೆ ತಂದುಕೊಂಡು ಅಲ್ಲಿಂದ ಶುರು ಮಾಡಬೇಕು. ಮಾರಿದವನು ಗುರುತಿಲ್ಲದವನಾದರೆ ನಾಲ್ಕು ಮಾತು ಬೈದುಕೊಂಡು ಸಮಾಧಾನ ಮಾಡಿಕೊಳ್ಳಬಹುದು. ನನಗೆ ಆ ಸೌಭಾಗ್ಯವೂ ಇರಲಿಲ್ಲ. ನಮಗೆ ಕಾರು ಮಾರಿದವನು ಮಲ್ಲೇಶ. ಆಲೂರು ತಾಲ್ಲೂಕಿನ ಕುಂದೂರಿನವನು. ನನ್ನ ಹೆಂಡತಿ ಗಿರಿಜಾಳ ಚಿಕ್ಕಪ್ಪನ ಮಗ, ಅಂದರೆ ನನಗೆ ಭಾಮೈದ. ಮದುವೆ ಮುಂಜಿಗಳಲ್ಲಿ ಸಿಕ್ಕಿದಾಗಲೆಲ್ಲ ನನ್ನ ಆರೋಗ್ಯ ಕೇಳುವ ಮೊದಲು ಕಾರಿನ ಆರೋಗ್ಯ ಕೇಳುತ್ತಿದ್ದ. ಪಕ್ಕದಲ್ಲಿ ಗಿರಿಜಾ ನಿಂತಿರುತ್ತಿದ್ದಳು. ಚೆನ್ನಾಗಿದೆ ಎನ್ನದೆ ಇನ್ನೇನು ಹೇಳಲಿ?

ಮಲ್ಲೇಶ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಅವರೆಕಾಯಿ ಕಾಲದಲ್ಲಿ ಚೀಲ ತುಂಬ ಕಾಯಿ ತಂದು ಇಳಿಸಿ ಕಾಫಿಯನ್ನೂ ಕುಡಿಯದೆ ಹೋಗುತ್ತಾನೆ. ಶುಂಠಿ, ಜೋಳ, ಒಂದಿಷ್ಟು ಹಸು ಇಟ್ಟುಕೊಂಡು ಮರ್ಯಾದೆಯ ಬದುಕು ಮಾಡಿಕೊಂಡಿದ್ದಾನೆ. ಆದರೆ ಯಾವುದನ್ನೂ ಬಿಸಾಡುವವನಲ್ಲ, ಅಂಗಡಿಯಿಂದ ಯಾವುದನ್ನೂ ತರುವವನೂ ಅಲ್ಲ. ಹೊಲದಲ್ಲಿ, ಕೊಟ್ಟಿಗೆಯಲ್ಲಿ ಏನು ಕೈಗೆ ಸಿಗುತ್ತದೋ ಅದರಿಂದಲೇ ಕಾರನ್ನೂ ನಡೆಸಿದ್ದ. ರೇಡಿಯೇಟರಿನ ಒಂದು ಪೈಪು ಪಂಪ್‌ಸೆಟ್ಟಿನದು. ಡಿಕ್ಕಿಯ ಬಾಗಿಲು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದದ್ದು. ಡ್ರೈವರ್ ಕಡೆಯ ಕಿಟಕಿಯ ಗಾಜು ಕೆಳಗೆ ಜಾರಿಹೋಗದಂತೆ ಮರದ ಚಕ್ಕೆಯೊಂದನ್ನು ಸಂದಿಗೆ ತುರುಕಿದ್ದ. ಎಡಗಡೆಯ ಮ್ಯಾಟ್ ಎತ್ತಿದರೆ ಕೆಳಗೆ ಎಣ್ಣೆ ಡಬ್ಬದ ತಗಡು, ಸುತ್ತ ಟಾರು. ತಗಡಿನ ಮೇಲೆ ಬರೆದಿದ್ದ ಎಣ್ಣೆಯ ಹೆಸರಿನ ಅರ್ಧ ಇನ್ನೂ ಓದುವ ಹಾಗಿತ್ತು.

ಊರಿನ ಮೆಕ್ಯಾನಿಕ್ ಬಾನೆಟ್ ಎತ್ತಿ ಒಳಗೆ ನೋಡಿದ. ಆಮೇಲೆ ಪಕ್ಕದ ಟೈರ್ ಅಂಗಡಿಯವನನ್ನು ಕರೆದು ತೋರಿಸಿದ. ಇಬ್ಬರೂ ಸೇರಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಓಡುತ್ತಾ ಇದೆ ತಾನೇ ಸಾರ್, ಓಡಲಿ ಬಿಡಿ, ನಾನು ಒಂದು ಬಿಚ್ಚಿದರೆ ಇನ್ನೆಷ್ಟು ಉದುರುತ್ತದೋ ಗೊತ್ತಿಲ್ಲ ಎಂದು ಬಾನೆಟ್ ಮುಚ್ಚಿ ಕಳಿಸಿದ. ಡಾಕ್ಟರು ಮನೆಯವರನ್ನು ಪಕ್ಕಕ್ಕೆ ಕರೆದು ಹೇಳುವ ಧಾಟಿ ಅವನದು.

ನನಗೆ ಬೇಸರವಾಗಿದ್ದು ಕಾರು ಹೀಗಿದೆ ಎಂದಲ್ಲ. ಈ ಜಾತಿಯ ರಿಪೇರಿಗಳ ಮಧ್ಯೆಯೇ ನಾನು ಬೆಳೆದವನು. ಇನ್ನು ಸಾಕು ಎನ್ನಿಸಿತ್ತು. ನಮ್ಮಪ್ಪ ಮಾರನಹಳ್ಳಿ ಹತ್ತಿರದ ಒಂದು ಎಸ್ಟೇಟಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಸ್ಟೋರಿನಲ್ಲಿ ಕಾಫಿ ಮೂಟೆ ಹೊಲಿಯುವ ದಬ್ಬಳ, ಗೋಣಿದಾರ ಎರಡೂ ಇರುತ್ತಿದ್ದವು. ಅವೆರಡು ಇದ್ದರೆ ನಮ್ಮಪ್ಪನಿಗೆ ಜಗತ್ತಿನಲ್ಲಿ ಹೊಲಿಯಲಾಗದ್ದು ಯಾವುದೂ ಇರಲಿಲ್ಲ. ಛತ್ರಿ ಹೊಲಿದರು, ಚಪ್ಪಲಿ ಹೊಲಿದರು, ಪ್ಲಾಸ್ಟಿಕ್ ಬಕೆಟ್ಟಿನ ಸೀಳನ್ನು ಕಾಸಿದ ದಬ್ಬಳದಿಂದ ತೂತು ಮಾಡಿ ಹೊಲಿದು ಮೇಲೆ ಮೇಣ ಬಳಿದರು. ಗೊಬ್ಬರದ ಚೀಲದಿಂದ ನನಗೊಂದು ಸ್ಕೂಲ್ ಬ್ಯಾಗ್ ಹೊಲಿದರು. ಎಷ್ಟು ತೊಳೆದರೂ ಅದರ ವಾಸನೆ ಹೋಗಲಿಲ್ಲ. ನನ್ನ ಪಕ್ಕ ಕೂರುವವರು ಬೆಂಚಿನ ಆ ತುದಿಗೆ ಸರಿಯುತ್ತಿದ್ದರು. ಮನೆಯ ರೇಡಿಯೋ ಹೊಡೆದರೆ ಮಾತ್ರ ಹಾಡುತ್ತಿತ್ತು. ಎಲ್ಲಿ ಹೊಡೆಯಬೇಕು, ಎಷ್ಟು ಜೋರಾಗಿ ಹೊಡೆಯಬೇಕು ಎಂಬುದು ಅಮ್ಮನಿಗೊಬ್ಬಳಿಗೇ ಗೊತ್ತಿತ್ತು. ಅವಳು ತವರಿಗೆ ಹೋದರೆ ನಮಗೆ ವಾರ್ತೆಯೂ ಇಲ್ಲ, ಕೃಷಿರಂಗವೂ ಇಲ್ಲ.

ದೊಡ್ಡವನಾದ ಮೇಲೆ ನನ್ನ ಮನೆಯಲ್ಲಿ ಕಟ್ಟಿದ್ದು, ಬಿಗಿದದ್ದು, ಅಂಟಿಸಿದ್ದು ಒಂದೂ ಇರಬಾರದು ಎಂದುಕೊಂಡಿದ್ದೆ. ಗುಮಾಸ್ತನ ಸಂಬಳದಲ್ಲಿ ಅದನ್ನು ಸುಮಾರಾಗಿ ಸಾಧಿಸಿಯೂ ಇದ್ದೆ. ಮಿಕ್ಸಿ ಕೆಟ್ಟರೆ ಅಂಗಡಿಗೆ, ಚಪ್ಪಲಿ ಕಿತ್ತರೆ ತಿಪ್ಪೆಗೆ. ಅಂಥವನ ಅಂಗಳಕ್ಕೆ ನಿವೃತ್ತಿಯ ವರ್ಷದಲ್ಲಿ ಈ ಕಾರು ಬಂದು ನಿಂತಿತು.

ಬಂದದ್ದು ಯಾಕೆಂದು ಹೇಳಲೇಬೇಕು. ನಾನು ನಿವೃತ್ತನಾದ ವರ್ಷವೇ ಗಿರಿಜಾಳಿಗೆ ಸಕಲೇಶಪುರದಿಂದ ಹೆತ್ತೂರಿನ ಆಸ್ಪತ್ರೆಗೆ ವರ್ಗವಾಯಿತು. ಅವಳು ನರ್ಸು, ಸರ್ವಿಸ್ ಇನ್ನೂ ಕೆಲವು ವರ್ಷ ಬಾಕಿಯಿದೆ. ಮದುವೆಯಾದ ಲಾಗಾಯ್ತು ನಮ್ಮಿಬ್ಬರ ನೌಕರಿಗಳೂ ಒಂದೇ ಊರಿನಲ್ಲಿ ಇದ್ದದ್ದು ಬಹಳ ಕಡಿಮೆ. ನಾನು ಆಲೂರಿನಲ್ಲಿದ್ದರೆ ಅವಳು ಬೇಲೂರಿನ ಕಡೆ, ನಾನು ಹಾಸನಕ್ಕೆ ಹೋದರೆ ಅವಳು ಇತ್ತ. ಶನಿವಾರ ಸಂಜೆಯ ಬಸ್ಸುಗಳಲ್ಲಿಯೇ ನಮ್ಮ ಸಂಸಾರದ ಅರ್ಧ ಕಳೆದುಹೋಯಿತು. ಕೊನೆಗೆ ಈ ಊರಿನಲ್ಲಿ ಒಂದೇ ಸೂರಿನಡಿ ಸೇರಿಕೊಂಡು, ಬೆಳಗ್ಗೆ ಕಾಫಿಗೆ ಒಬ್ಬರಿಗೊಬ್ಬರು ಕಾಯುವುದು ಅಭ್ಯಾಸವಾಗುವಷ್ಟರಲ್ಲಿ ಹೆತ್ತೂರು ಬಂತು. ಅವಳ ಡ್ಯೂಟಿ ಮುಗಿಯುವ ಹೊತ್ತಿಗೆ ಈ ಕಡೆಗೆ ಬರುವ ಬಸ್ಸು ಹೊರಟುಹೋಗಿರುತ್ತಿತ್ತು. ಅಲ್ಲಿಯೇ ರೂಮು ಮಾಡಿಕೊಂಡು ಇರಬೇಕು, ಇಲ್ಲವೇ ಸ್ವಂತ ಗಾಡಿ ಬೇಕು. ಗಿರಿಜಾ ಡ್ರೈವಿಂಗ್ ಸ್ಕೂಲಿಗೆ ಸೇರಿಬಿಟ್ಟಳು. ಕೂದಲು ನೆರೆತ ಮೇಲೆ ಸ್ಟೇರಿಂಗ್ ಹಿಡಿದು ತಿಂಗಳೊಳಗೆ ಕಲಿತಳು. ಮಲ್ಲೇಶ ಮಾರುವುದರಲ್ಲಿದ್ದ, ನಾವು ಕೊಂಡೆವು.

ನೀನ್ಯಾಕೆ ಓಡಿಸಲಿಲ್ಲ ಮಾರಾಯ ಎಂದು ನೀವು ಕೇಳುತ್ತೀರಿ. ಕೇಳುವುದು ನ್ಯಾಯವೇ. ನನ್ನ ಹತ್ತಿರ ಲೈಸೆನ್ಸ್ ಇತ್ತು. ಅದರಲ್ಲಿರುವ ಫೋಟೋದಲ್ಲಿ ನನಗೆ ದಟ್ಟ ಮೀಸೆ ಇದೆ, ಅಷ್ಟು ಹಳೆಯದು. ಅವಧಿ ಮುಗಿಯುವ ಹೊತ್ತಿಗೆಲ್ಲ ತಪ್ಪದೆ ರಿನ್ಯೂ ಮಾಡಿಸಿದ್ದೇನೆ, ಗಾಡಿ ಮಾತ್ರ ಮುಟ್ಟಿಲ್ಲ. ಹುಡುಗನಾಗಿದ್ದಾಗ ಎಸ್ಟೇಟಿನ ಡ್ರೈವರ್ ಜೀಪು ಕಲಿಸಿದ್ದ. ಒಂದು ಮಧ್ಯಾಹ್ನ ಬ್ರೇಕ್ ಎಂದು ಇನ್ನೊಂದನ್ನು ಒತ್ತಿ, ಒಣಗಲು ಹರಡಿದ್ದ ಕಾಫಿಯ ಕಣಕ್ಕೆ ಜೀಪನ್ನು ನುಗ್ಗಿಸಿ, ರಾಶಿಯ ಮೇಲೆ ಹತ್ತಿಸಿ ನಿಲ್ಲಿಸಿದ್ದೆ. ಯಾರಿಗೂ ಏನೂ ಆಗಲಿಲ್ಲ. ಕಾಫಿ ಕೆದಕುತ್ತಿದ್ದ ಹೆಂಗಸರು ಮೊದಲು ಚೀರಿದರು, ಆಮೇಲೆ ನಕ್ಕರು. ನಗು ಒಂದು ಕೊಯ್ಲಿನ ಕಾಲವಿಡೀ ನಡೆಯಿತು, ನಾನು ಕಾಣಿಸಿದರೆ ಸಾಕು ಕಣದಿಂದ ಚಾಪೆ ಎಳೆದುಕೊಳ್ಳುವಂತೆ ನಟಿಸುತ್ತಿದ್ದರು. ಆವತ್ತಿನಿಂದ ನಾನು ಪಕ್ಕದ ಸೀಟಿನ ಮನುಷ್ಯ. ಅಲ್ಲಿ ಕೂತು ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತೇನೆ, ಬೇಡದ ಸಲಹೆ ಕೊಡುತ್ತೇನೆ. ಗಿರಿಜಾಳಿಗೂ ಕೊಟ್ಟೆ. ಮೊದಲ ವಾರ ಸಹಿಸಿಕೊಂಡಳು, ಆಮೇಲೆ ನನ್ನನ್ನು ಕರೆದುಕೊಂಡು ಹೋಗುವುದನ್ನೇ ಬಿಟ್ಟಳು.

ಅವಳೊಬ್ಬಳೇ ಬೆಳಗ್ಗೆ ಮಂಜಿನಲ್ಲಿ ಹೊರಟು, ದಿನವಿಡೀ ನಿಂತು ದುಡಿದು, ಸಂಜೆ ಅದೇ ತಿರುವುಗಳನ್ನು ಇಳಿದು ಬರುತ್ತಿದ್ದಳು. ಕಾಫಿ ಕೊಯ್ಲು ಶುರುವಾದ ಮೇಲೆ ಆ ರಸ್ತೆಯಲ್ಲಿ ಆಳುಗಳನ್ನು ಅವರ ಲೈನುಮನೆಗಳಿಗೆ ಬಿಡುವ ಪಿಕಪ್ಪುಗಳು, ಎಸ್ಟೇಟ್ ಜೀಪುಗಳು ಒಂದರ ಹಿಂದೆ ಒಂದು ನುಗ್ಗುತ್ತವೆ. ಅಂಥ ಒಂದು ಸಂಜೆ ಕಾರಿನ ಹಿಂದಿನ ಟೈರು ಪಂಕ್ಚರ್ ಆಯಿತು. ಡಿಕ್ಕಿಗೆ ಬಿಗಿದಿದ್ದ ಟ್ಯೂಬಿನ ಪಟ್ಟಿ ಬಿಚ್ಚಿ ನೋಡಿದರೆ ಸ್ಟೆಪ್ನಿ ಇದೆ, ಜಾಕ್ ಇಲ್ಲ. ನಟ್ಟು ಬಿಚ್ಚುವ ಪಾನವೂ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಆಳುಗಳನ್ನು ತುಂಬಿಕೊಂಡ ಪಿಕಪ್ಪೊಂದು ನಿಲ್ಲುವ ತನಕ ಅವಳು ರಸ್ತೆ ಪಕ್ಕ ಕಾದಿದ್ದಾಳೆ. ಅದರ ಡ್ರೈವರ್ ತನ್ನ ಜಾಕಿನಿಂದ ಚಕ್ರ ಬದಲಿಸಿ ಕೊಟ್ಟನಂತೆ. ಅಷ್ಟರಲ್ಲಿ ಹೆಂಗಸರು ಇವಳ ಸುತ್ತ ಕೂತು ತಮ್ಮ ತಮ್ಮ ಮಂಡಿನೋವು, ಬಿಪಿ ಎಲ್ಲ ಒಪ್ಪಿಸಿದರಂತೆ. ಅಲ್ಲಿಯೂ ಅವಳ ಡ್ಯೂಟಿ ಮುಗಿಯಲಿಲ್ಲ.

ಮನೆಗೆ ಬಂದು ಕಾಲು ತೊಳೆದುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಲೈಟು ಹಾಕಲಿಲ್ಲ. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಒಂದು ರೂಮು ಖಾಲಿಯಾಗಿದೆ, ಬೇಕೋ ಬೇಡವೋ ಬರುವ ತಿಂಗಳು ಮೊದಲ ಸೋಮವಾರದ ಒಳಗೆ ಹೇಳಿ ಎಂದು ಡಾಕ್ಟರು ಕೇಳಿದ್ದಾರೆ ಎಂದಳು. ಕೋಪದಲ್ಲಿ ಹೇಳಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಕೋಪ ಬರುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

“ಅಲ್ಲೇ ಇದ್ಬುಡ್ತೀನಿ ಕಣ್ರೀ,” ಅಂದಳು. “ವಾರಕ್ಕೊಂದು ಸಲ ಬರ್ತೀನಿ. ಮೊದಲೆಲ್ಲ ಹಂಗೇ ಇರ್ಲಿಲ್ವಾ?”

ಮೊದಲೆಲ್ಲ ಹಾಗೇ ಇದ್ದೆವು, ನಿಜ. ಆದರೆ ಆಗ ವಯಸ್ಸಿತ್ತು, ಮುಂದೆ ಒಟ್ಟಿಗೆ ಇರುತ್ತೇವೆ ಎಂಬ ಲೆಕ್ಕಾಚಾರವಿತ್ತು. ಆ ಮುಂದೆ ಎನ್ನುವುದು ಇದೇ ಅಲ್ಲವೇ? ನಾನು ಆ ಕ್ಷಣಕ್ಕೆ ಹೊಳೆದದ್ದನ್ನೇ ಹಿಡಿದುಕೊಂಡೆ. ತಿಂಗಳು ಮುಗಿಯುವುದರೊಳಗೆ ಕಾರನ್ನು ಅಪ್ಪಟ ಹೊಸದರಂತೆ ಮಾಡಿಕೊಡುತ್ತೇನೆ, ಆಮೇಲೆ ನೋಡಿ ಹೇಳು ಎಂದು ಗೋಗರೆದೆ. ಅವಳು ಎದ್ದು ಅನ್ನಕ್ಕಿಟ್ಟಳು.

ಬೆಳಗ್ಗೆ ಮಲ್ಲೇಶನಿಗೆ ಫೋನ್ ಮಾಡಿದೆ. ಜೀವನದಲ್ಲಿ ಮೊದಲ ಸಲ ಭಾಮೈದನ ಮೇಲೆ ರೇಗುವುದಕ್ಕೆ ಸಿದ್ಧನಾಗಿದ್ದೆ. ಜಾಕ್ ಎಲ್ಲಿ ಎಂದು ಕೇಳಿದರೆ ಅವನಿಗೆ ಒಂದಿಷ್ಟೂ ಗಾಬರಿಯಿಲ್ಲ.

“ನಮ್ಮ ಕೊಟ್ಟಿಗೇಲಿ ಭದ್ರವಾಗೈತೆ ಭಾವ,” ಅಂದ. “ದನ ಮಾರ್ದಾಗ ಯಾರಾದ್ರೂ ಹಗ್ಗ ಕೊಡ್ತಾರಾ? ಎಲ್ಲಾನೂ ಕೊಟ್ಟು ಕಳಿಸ್ಬುಟ್ರೆ ಮನೇಲಿ ಏನು ಉಳೀತದೆ? ಅದ್ಕೇ ಜಾಕು ಪಾನ ಎತ್ತಿಟ್ಕಂಡೆ.”

ನನ್ನ ಕೋಪವೆಲ್ಲ ಅಲ್ಲಿಗೆ ಇಳಿದುಹೋಯಿತು. ಮಲ್ಲೇಶ ನನಗೆ ಮೋಸ ಮಾಡಿರಲಿಲ್ಲ. ಹಸು ಮಾರಿದರೆ ಕೊಂಡವರು ತಮ್ಮ ಹಗ್ಗ ತಂದು ಹೊಡೆದುಕೊಂಡು ಹೋಗಬೇಕು. ಮಾರಿದವರ ಹಗ್ಗ ಮಾರಿದವರ ಮನೆಯಲ್ಲಿಯೇ ಉಳಿಯಬೇಕು. ಹಗ್ಗವೂ ಹೋದರೆ ಕೊಟ್ಟಿಗೆಯ ಏಳಿಗೆ ಹಿಂದೆಯೇ ಹೋಗುತ್ತದೆಂಬ ನಂಬಿಕೆ ನಮ್ಮಲ್ಲಿಯೂ ಇದೆ. ಎಷ್ಟೋ ವರ್ಷ ಮನೆಯಲ್ಲಿದ್ದ ಕಾರಿನಲ್ಲಿ ಹಗ್ಗ ಯಾವುದು ಎಂದು ಅವನು ಯೋಚಿಸಿದ್ದಾನೆ, ಜಾಕ್ ಮತ್ತು ಪಾನ ಎಂದು ತೀರ್ಮಾನಿಸಿದ್ದಾನೆ. ಸ್ಟೀರಿಯೋ ಇಟ್ಟುಕೊಂಡಿದ್ದರೆ ನಮಗೆ ಗೊತ್ತಾದರೂ ಆಗುತ್ತಿತ್ತು.

ನನಗೆ ಅಮ್ಮನ ನೆನಪಾಯಿತು. ಅಪ್ಪ ಕಾಯಿಲೆ ಬಿದ್ದ ವರ್ಷ ಮನೆಯ ಕೆಂದ ಹಸುವನ್ನು ಮಾರಬೇಕಾಯಿತು. ಕೊಳ್ಳಲು ಬಂದವನು ಹೊಸ ಹಗ್ಗ ಹೆಗಲ ಮೇಲೆ ಹಾಕಿಕೊಂಡೇ ಬಂದಿದ್ದ. ಅಮ್ಮ ಗೇಟಿನ ತನಕ ತನ್ನ ಹಗ್ಗದಲ್ಲಿಯೇ ಹಸುವನ್ನು ನಡೆಸಿಕೊಂಡು ಹೋದಳು. ಅಲ್ಲಿ ಹಗ್ಗ ಬದಲಾಯಿತು. ಹಳೆಯ ಹಗ್ಗವನ್ನು ಸುರುಳಿ ಸುತ್ತಿ ತಂದು ಗೋಡೆಯ ಗೂಟಕ್ಕೆ ನೇತುಹಾಕಿ, ಹಿಂತಿರುಗಿ ನೋಡದೆ ಒಳಗೆ ಹೋದಳು. ಆ ಗೂಟದ ಹತ್ತಿರ ಹೋಗುವುದಕ್ಕೆ ನಮಗೆಲ್ಲ ಬಹಳ ದಿನ ಸಂಕಟವಾಗುತ್ತಿತ್ತು. ಅಂಥ ಮನೆಯವನು ಮಲ್ಲೇಶನಿಗೆ ಏನೆಂದು ಬೈಯಲಿ? ಅಕ್ಕ ನಿನ್ನೆ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಳು ಎಂದಷ್ಟೇ ಹೇಳಿದೆ. ಅವನು ಮಧ್ಯಾಹ್ನವೇ ಕುಂದೂರಿನಿಂದ ಬಂದು ಎರಡನ್ನೂ ಬಾಗಿಲಲ್ಲಿ ಇಟ್ಟು ಹೋದ. ಅಕ್ಕನ ಮುಖ ನೋಡಲು ನಾಚಿಕೆಯಾಗಿ ಅವಳು ಬರುವ ಮೊದಲೇ ಹೊರಟುಬಿಟ್ಟ.

ಅಲ್ಲಿಂದ ನನ್ನ ಭಾನುವಾರಗಳು ಶುರುವಾದವು. ವಾರವೆಲ್ಲ ಕಾರು ಅವಳ ಜೊತೆ ಹೆತ್ತೂರಿನಲ್ಲಿರುತ್ತಿದ್ದುದರಿಂದ ರಿಪೇರಿಗೆ ಸಿಗುತ್ತಿದ್ದದ್ದು ಭಾನುವಾರ ಒಂದೇ. ವಾರವಿಡೀ ಮೊಬೈಲಿನಲ್ಲಿ ಯಾರು ಯಾರೋ ಬಿಚ್ಚಿ ತೋರಿಸುವ ವಿಡಿಯೋ ನೋಡಿ ಕಲಿಯುತ್ತಿದ್ದೆ, ಭಾನುವಾರ ಬೆಳಗ್ಗೆ ಹಳೇ ಪ್ಯಾಂಟು ಹಾಕಿಕೊಂಡು ಅಂಗಳದಲ್ಲಿ ಗೋಣಿಚೀಲ ಹಾಸುತ್ತಿದ್ದೆ. ಈ ವಯಸ್ಸಿನಲ್ಲಿ ಕಾರಿನ ಕೆಳಗೆ ತೆವಳಿಕೊಂಡು ಹೋಗುವುದು ಅಷ್ಟು ಕಷ್ಟವಲ್ಲ. ಹೊರಗೆ ಬರುವುದು ಕಷ್ಟ. ಒಂದು ಸಲ ಸೊಂಟ ಹಿಡಿದುಕೊಂಡು ಅಲ್ಲಿಯೇ ಮಲಗಿದ್ದಾಗ ದಾರಿಯಲ್ಲಿ ಹೋಗುವವರು ಬಗ್ಗಿ ನೋಡಿ, ಭಾಳ ಕೆಲಸ ಅನ್ಸುತ್ತೆ ಎಂದು ಮೆಚ್ಚಿಕೊಂಡು ಹೋದರು.

ರೇಡಿಯೇಟರಿನಿಂದ ಪಂಪ್‌ಸೆಟ್ಟಿನ ಪೈಪು ಕಿತ್ತಾಗ ಹಳದಿ ನೀರು ಬುಳಬುಳನೆ ಸುರಿಯಿತು. ಮೂಸಿ ನೋಡಿದರೆ ಅರಿಶಿನ. ತೂತು ಮುಚ್ಚಲಿ ಎಂದು ಮಲ್ಲೇಶ ಅರಿಶಿನದ ಪುಡಿ ಸುರಿದಿದ್ದ. ಲಾರಿಯವರು ಇದನ್ನು ಮಾಡುವುದುಂಟು, ದಾರಿಯಲ್ಲಿ ಸಿಕ್ಕಿಕೊಂಡಾಗ ಮನೆ ಮುಟ್ಟುವ ತನಕ ಮಾತ್ರ. ಇವನು ಅದನ್ನು ವರ್ಷಗಟ್ಟಲೆ ನಂಬಿ, ಕಡಿಮೆಯಾದಾಗಲೆಲ್ಲ ಮೇಲೆ ಮೇಲೆ ಹಾಕುತ್ತಾ ಬಂದಿರಬೇಕು. ಒಳಗೆಲ್ಲ ಗಸಿ ಕಟ್ಟಿಕೊಂಡು ನೀರು ಹರಿಯಲು ಜಾಗವಿರಲಿಲ್ಲ. ತೊಳೆದೆ, ಮತ್ತೆ ತೊಳೆದೆ. ಅಂಗಳ ಮದುವೆಮನೆಯ ಬಚ್ಚಲಿನ ಹಾಗೆ ಹಳದಿಯಾಯಿತು. ಕೊನೆಗೆ ಬೇರೆ ರೇಡಿಯೇಟರ್ ಹಾಕಿಸಿದೆ. ತಗಡು ಕಿತ್ತು ಬೆಸುಗೆ ಹಾಕಿಸಿದೆ, ಚಕ್ಕೆ ತೆಗೆದು ಗಾಜು ಏರಿಸುವ ಹಲ್ಲಿನ ಚಕ್ರ ಹೊಸದು ಹಾಕಿಸಿದೆ, ಬೆಲ್ಲಿನ ಸ್ವಿಚ್ಚು ಕಿತ್ತು ಹಾರನ್ನನ್ನು ಅದರ ಜಾಗಕ್ಕೆ ಮರಳಿಸಿದೆ.

ಒಂದು ಬಿಚ್ಚಿದರೆ ಅದರ ಹಿಂದೆ ಇನ್ನೊಂದು ಸಿಗುತ್ತಿತ್ತು. ಮೆಕ್ಯಾನಿಕ್ ಹೇಳಿದ್ದು ಸುಳ್ಳಾಗಿರಲಿಲ್ಲ. ಯಾವ ವೈರು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ಹುಡುಕುತ್ತಾ ಸಾಕಾಗಿ ಕೂತಾಗ, ನನ್ನದು ಕೊನೆಗೂ ಅಪ್ಪನ ಕೆಲಸವೇ ಅಲ್ಲವೇ ಎನ್ನಿಸುತ್ತಿತ್ತು. ಅಪ್ಪ ಬೆನ್ನು ಬಗ್ಗಿಸಿಕೊಂಡು ದೀಪದ ಹತ್ತಿರ ಛತ್ರಿ ಹೊಲಿಯುವಾಗ ಅವರ ಬಾಯಲ್ಲಿ ಗೋಣಿದಾರದ ತುದಿ ಇರುತ್ತಿತ್ತು. ಮಾತಾಡಿಸಿದರೆ ಹ್ಞಾಂ ಎನ್ನುವುದೂ ಕಷ್ಟ. ಅಮ್ಮ ಎದುರಿಗೆ ಕೂತು ಏನೋ ಹೇಳುತ್ತಿರುತ್ತಿದ್ದಳು, ಇವರು ತಲೆ ಎತ್ತುತ್ತಿರಲಿಲ್ಲ. ಮನೆಗಾಗಿಯೇ ದುಡಿಯುತ್ತಿದ್ದೇನೆಂದು ಅವರಿಗೆ ಖಾತ್ರಿಯಿತ್ತು. ಅಮ್ಮ ಆಗ ಏನು ಹೇಳುತ್ತಿದ್ದಳೋ, ಈಗ ಕೇಳುವುದಕ್ಕೆ ಇಬ್ಬರೂ ಇಲ್ಲ.

ಬ್ರೇಕಿನ ವಿಷಯವೊಂದು ಉಳಿದಿತ್ತು. ಪೈಪಿನಲ್ಲಿ ಗಾಳಿ ಸೇರಿಕೊಂಡರೆ ಬ್ರೇಕು ಮೆತ್ತಗಾಗುತ್ತದೆ. ಆ ಗಾಳಿ ತೆಗೆಯಬೇಕಾದರೆ ಒಬ್ಬರು ಕೆಳಗೆ ಮಲಗಿ ನಟ್ಟು ತಿರುಗಿಸಬೇಕು, ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು. ಒತ್ತಲು ಮನೆಯಲ್ಲಿ ಇನ್ನು ಯಾರಿದ್ದಾರೆ? ಗಿರಿಜಾಳನ್ನು ಕೂಗಿದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದವಳು ಎದ್ದು ಬಂದು ಸ್ಟೇರಿಂಗ್ ಮುಂದೆ ಕೂತಳು. ನಾನು ಕೆಳಗಿನಿಂದ ಒತ್ತು ಎನ್ನುವುದು, ಅವಳು ಒತ್ತುವುದು. ಬಿಡು ಎನ್ನುವುದು, ಬಿಡುವುದು. ಎಣ್ಣೆ ಬಿಸಿಲಿಗೆ ಅವಳ ಹಣೆಯ ಮೇಲೆ ಇಳಿಯುತ್ತಿತ್ತಂತೆ. ಕಾರಿನ ಕೆಳಗಿದ್ದವನಿಗೆ ತೆರೆದ ಬಾಗಿಲಿನಿಂದ ಹೊರಗೆ ಇಳಿಬಿಟ್ಟಿದ್ದ ಅವಳ ಇನ್ನೊಂದು ಪಾದವಷ್ಟೇ ಕಾಣುತ್ತಿತ್ತು. ಹಿಮ್ಮಡಿ ಒಡೆದಿತ್ತು. ಗಮನಿಸಿದೆ, ಆದರೆ ನಟ್ಟಿನ ಮೇಲೆ ಕಣ್ಣಿದ್ದುದರಿಂದ ಅದರ ಬಗ್ಗೆ ಏನೂ ಹೇಳಲಿಲ್ಲ. ಎರಡು ಭಾನುವಾರ ಹೀಗೇ ಹೋಯಿತು. ಬ್ರೇಕಿನ ಮಟ್ಟಿಗೆ ನನ್ನ ಕೈಗುಣದ ಮೇಲೆ ನನಗೇ ಧೈರ್ಯ ಸಾಲದೆ ಆಮೇಲೆ ಮೆಕ್ಯಾನಿಕ್‌ಗೂ ತೋರಿಸಿದೆವು. ಪರವಾಗಿಲ್ಲ ಸಾರ್ ಎಂದ. ನನಗಾದ ಹೆಮ್ಮೆಯನ್ನು ಎಲ್ಲಿ ಇಡಲಿ ಎಂದು ತಿಳಿಯಲಿಲ್ಲ.

ಅವಳು ಡಾಕ್ಟರಿಗೆ ಉತ್ತರ ಹೇಳಬೇಕಾದ ಸೋಮವಾರಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ಕಾರು ಸಿದ್ಧವಾಯಿತು. ಅಂಗಳದಲ್ಲಿಯೇ ತೊಳೆದು ಒರೆಸಿ ಅವಳನ್ನು ಕರೆದೆ. ನಾಲ್ಕು ಹೆಜ್ಜೆ ಓಡಿಸಿ ನೋಡು, ಹೇಗಿದೆ ಹೇಳು ಎಂದೆ. ಅವಳು ಬಂದು ಒಂದು ಸುತ್ತು ನೋಡಿದಳು. ಎಡಗಡೆಯ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತುಕೊಂಡಳು. ಸ್ಟೇರಿಂಗ್ ಆ ಕಡೆ ಇದೆ ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ.

“ಕಾರು ಚೆನ್ನಾಗೈತೆ ಕಣ್ರೀ. ಮೊದಲೂ ಹೆಂಗೋ ಓಡ್ತಿತ್ತು,” ಅಂದಳು. “ಸುಸ್ತಾಗಿರೋದು ನಂಗೆ. ಭಾನುವಾರ ಒಂದಿನ ಆದ್ರೂ ಆ ಸೀಟಲ್ಲಿ ಕೂರೋದು ಬ್ಯಾಡ ಅಂತಿದ್ದೆ. ಆವತ್ತೂ ನೀವು ಬ್ರೇಕ್ ಒತ್ತು ಅಂತ ಕರ್ದು ಕೂರ್ಸಿದ್ರಿ.”

ನಾನು ಒರೆಸುವ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಇಷ್ಟು ದಿನ ನಾನು ಏನನ್ನು ರಿಪೇರಿ ಮಾಡುತ್ತಿದ್ದೆನೋ ಅದು ಕೆಟ್ಟಿರಲೇ ಇಲ್ಲ. ಕೆಟ್ಟದ್ದು ನನ್ನ ಎದುರಿಗೆ, ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿತ್ತು. ಇನ್ನೊಬ್ಬರ ರಿಪೇರಿಯನ್ನು ಹಂಗಿಸಿಕೊಂಡು ಓಡಾಡಿದವನು ನಾನು. ನನಗೆ ಬಹಳ ದುಃಖವಾಯಿತು. ಒಳಗೆ ಹೋಗಿ ಕಾಫಿ ಮಾಡಿ ತಂದುಕೊಟ್ಟೆ. ಅವಳು ಕಾರಿನಲ್ಲಿಯೇ ಕೂತು ಕುಡಿದಳು.

ಮಾರನೆಯ ಬೆಳಗ್ಗೆ ಅವಳು ಹೆತ್ತೂರಿಗೆ ಹೋದ ಮೇಲೆ ನಾನು ಡ್ರೈವಿಂಗ್ ಸ್ಕೂಲಿಗೆ ಹೋದೆ. ಅವಳಿಗೆ ಕಲಿಸಿದವನೇ ಅಲ್ಲಿದ್ದ. ನನ್ನ ಲೈಸೆನ್ಸಿನ ಮೀಸೆಯನ್ನೂ ನನ್ನ ಮುಖವನ್ನೂ ಹೋಲಿಸಿ ನೋಡಿ, ಕಲಿಯೋದು ಯಾರು ಸಾರ್ ಎಂದು ಕೇಳಿದ. ಹಿಂದಿನ ಸೀಟಿನಲ್ಲಿ ಸರದಿಗೆ ಕಾಯುವ ಕಾಲೇಜು ಹುಡುಗಿ ನಾನು ಕ್ಲಚ್ ಬಿಟ್ಟಾಗಲೆಲ್ಲ ಮುಂದಿನ ಸೀಟು ಹಿಡಿದುಕೊಳ್ಳುತ್ತಿದ್ದಳು. ವಾರವೆಲ್ಲ ಬೆಳಗ್ಗೆಯೂ ಹೋದೆ, ಮಧ್ಯಾಹ್ನವೂ ಹೋದೆ. ಮಾರನಹಳ್ಳಿಯ ಕಡೆ ಘಾಟಿ ಶುರುವಾಗುವ ತನಕ ಹೈವೇಯಲ್ಲಿ ಓಡಿಸಿಕೊಂಡು ಹೋಗಿ, ಲಾರಿಗಳ ಮಧ್ಯೆ ಕಂಗಾಲಾಗಿ, ವಾಪಸ್ ಬಂದೆ. ಕಲಿಸುವವನು ಹೆತ್ತೂರಿನ ರಸ್ತೆಯ ತಿರುವುಗಳಲ್ಲೂ ನನ್ನಿಂದ ಓಡಿಸಿದ. ಮನೆಯಲ್ಲಿ ಏನೂ ಹೇಳಲಿಲ್ಲ. ಈ ಊರಿನಲ್ಲಿ ಹೇಳದೆ ಮುಚ್ಚಿಡುವುದು ಸಾಧ್ಯವಿಲ್ಲವೆಂದು ಗೊತ್ತಿದ್ದೂ ಹೇಳಲಿಲ್ಲ. ಗಿರಿಜಾಳಿಗೆ ಎರಡನೆಯ ದಿನವೇ ಸುದ್ದಿ ಮುಟ್ಟಿತ್ತಂತೆ. ಅವಳೂ ಕೇಳಲಿಲ್ಲ.

ಸೋಮವಾರ ಬೆಳಗ್ಗೆ ಅವಳು ಬ್ಯಾಗು ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ನಾನು ಸ್ಟೇರಿಂಗ್ ಮುಂದೆ ಕೂತಿದ್ದೆ. ಅವಳು ಎಡಗಡೆ ಬಂದು ಕೂತಳು. ಬೆಲ್ಟು ಹಾಕಿಕೊಳ್ಳುವಾಗ, ಕಾಲು ನಡುಗ್ತಾ ಐತಲ್ರೀ ನಿಮ್ಮದು ಎಂದಳು. ಚಳಿ ಎಂದೆ.

ಮಂಜು ಕವಿದಿತ್ತು. ಊರು ದಾಟುವುದರೊಳಗೆ ನನ್ನ ಅಂಗಿ ಬೆನ್ನಿಗೆ ಅಂಟಿತು. ಎರಡನೇ ಗೇರಿನಿಂದ ಮೇಲೆ ಹೋಗಲು ಮನಸ್ಸು ಒಪ್ಪಲಿಲ್ಲ. ಹಿಂದೆ ಆಳುಗಳ ಪಿಕಪ್ಪು, ಅದರ ಹಿಂದೆ ಸ್ಕೂಲ್ ವ್ಯಾನು, ಅದರ ಹಿಂದೆ ಇನ್ನೇನೋ. ಎಲ್ಲರೂ ಹಾರನ್ ಹೊಡೆದರು. ಜಾಗ ಸಿಕ್ಕಲ್ಲಿ ಪಕ್ಕಕ್ಕೆ ಸರಿದು ಬಿಟ್ಟುಕೊಟ್ಟೆ. ಒಬ್ಬ ಹೋಗುವಾಗ ಏನೋ ಅಂದ, ಅನ್ನಲಿ ಎಂದುಕೊಂಡೆ. ಒಂದು ಕಡಿದಾದ ತಿರುವನ್ನು ಎಂಜಿನ್ ಆಫ್ ಆಗದಂತೆ ಹತ್ತಿಸಿದ ಸಂತೋಷಕ್ಕೆ, ನೋಡಿದೆಯಾ ಎಂದು ಪಕ್ಕಕ್ಕೆ ತಿರುಗಿದರೆ ಗಿರಿಜಾ ನಿದ್ದೆ ಹೋಗಿದ್ದಳು. ತಲೆ ಗಾಜಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು, ಬ್ಯಾಗಿನ ಪಟ್ಟಿ ಇನ್ನೂ ಕೈಯಲ್ಲಿಯೇ ಇತ್ತು. ನನ್ನ ಡ್ರೈವಿಂಗನ್ನು ನಂಬಿ ಮಲಗಿದಳೋ, ನಂಬುವ ಬಿಡುವ ಗೊಡವೆಯೇ ಬೇಡವೆನ್ನುವಷ್ಟು ದಣಿದಿದ್ದಳೋ, ನಾನು ಕೇಳಿಲ್ಲ. ಹಗಲು ಹೊತ್ತಿನಲ್ಲಿ ಅವಳು ನಿದ್ದೆ ಮಾಡಿದ್ದನ್ನು ನಾನು ನೋಡಿ ಯಾವ ಕಾಲವಾಗಿತ್ತೋ. ಆಮೇಲೆ ಗುಂಡಿಗಳನ್ನೆಲ್ಲ ಇನ್ನೂ ಮೆಲ್ಲಗೆ ಇಳಿಸಿ ಹತ್ತಿಸಿದೆ.

ಆಸ್ಪತ್ರೆಯ ಮುಂದೆ ನಿಲ್ಲಿಸಿದಾಗ ಅವಳಿಗೆ ಎಚ್ಚರವಾಯಿತು. ಬಂದ್ಬುಟ್ವಾ ಎಂದು ಗಾಬರಿಯಿಂದ ಗಡಿಯಾರ ನೋಡಿಕೊಂಡು, ಸೆರಗು ಸರಿಮಾಡಿಕೊಂಡು ಓಡಿದಳು. ತಡವಾಗಿತ್ತು. ವಾಪಸ್ ಇಳಿಯುವ ಧೈರ್ಯ ನನಗಿರಲಿಲ್ಲ. ಸಂಜೆಯ ತನಕ ಅಲ್ಲಿಯೇ ಇದ್ದುಬಿಡುವುದೆಂದು ಕಾರಿನಲ್ಲಿಯೇ ಕೂತಿದ್ದೆ. ಏನು ತೊಂದರೆ ಎಂದು ಇಬ್ಬರು ರೋಗಿಗಳು ಬಂದು ವಿಚಾರಿಸಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಅವಳೇ ಹೊರಗೆ ಬಂದಳು. ಸೀಟಿನಲ್ಲಿ ಮರೆತಿದ್ದ ಊಟದ ಡಬ್ಬಿಗೆ ಕೈ ಚಾಚಿ, ನನ್ನ ಮುಖ ನೋಡದೆ ಹೇಳಿದಳು.

“ರೂಮು ಬ್ಯಾಡ ಅಂತ ಡಾಕ್ಟ್ರಿಗೆ ಹೇಳ್ಬುಟ್ಟೆ. ನಾಳೆಯಿಂದ ಇನ್ನೊಂಚೂರು ಬೇಗ ಹೊರಡಾಣ.”

ನಾಳೆ ಸ್ವಲ್ಪ ಜೋರಾಗಿ ಓಡಿಸುತ್ತೇನೆ ಎಂದೆ.

“ಬ್ಯಾಡ ಬುಡ್ರಿ,” ಅಂದಳು. “ನಿಧಾನಕ್ಕೇ ಓಡ್ಸಿ. ಅಷ್ಟೊತ್ತು ನಿದ್ದೆ ಸಿಕ್ತದೆ.”